ಹಳೆ ಸರ್ಫೇಸ್ ಗ್ರೈಂಡರ್: ಸ್ಪಿಂಡಲ್ ಬೇರಿಂಗ್ ಸವೆದಿದೆಯೇ, ನೋಡುವುದು ಹೇಗೆ?

ಹಳೆ ಸರ್ಫೇಸ್ ಗ್ರೈಂಡರ್ (ಲೋಹದ ಮೇಲ್ಮೈಯನ್ನು ಸಾಣೆ ಚಕ್ರದಿಂದ ಸಮತಟ್ಟು ಮಾಡುವ ಯಂತ್ರ) ಕೊಳ್ಳಲು ಹೋದವರು ಸಾಮಾನ್ಯವಾಗಿ ವೀಲ್ ಹಿಡಿದು ಅಲ್ಲಾಡಿಸುತ್ತಾರೆ, ಮೋಟರ್ ಚಾಲೂ ಮಾಡಿ ಕಿವಿಗೊಡುತ್ತಾರೆ, ಅಲ್ಲಿಗೆ ಮುಗಿಯಿತು. ಕೈಗೆ ಆಟ (ಸಡಿಲ) ಸಿಗುವಷ್ಟು ಸವೆದ ಬೇರಿಂಗಿಗೆ ಪರೀಕ್ಷೆಯೇ ಬೇಕಿಲ್ಲ. ಜಾಬ್ (ತಿಕ್ಕುವ ತುಂಡು) ಕೆಡಿಸುವುದು ಕೈಗೆ ತಿಳಿಯದ 5–10 ಮೈಕ್ರಾನಿನ ಆಟ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಭಾಗ). ಡಯಲ್ (ಸೂಕ್ಷ್ಮ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ತರುವ ಜಾಣರೂ ಇದ್ದಾರೆ. ಆದರೆ ಸ್ಟ್ಯಾಂಡನ್ನು ತಪ್ಪು ಜಾಗದಲ್ಲಿ ಕೂರಿಸಿ, ಚೆನ್ನಾಗಿರುವ ಸ್ಪಿಂಡಲ್ಲನ್ನೇ (ವೀಲ್ ಹೊತ್ತು ತಿರುಗುವ ದಂಡ) ಬಿಚ್ಚಿಸಿಬಿಡುತ್ತಾರೆ.

ಇಲ್ಲಿ ಹೇಳುವುದು ಪ್ರಿಲೋಡ್ (ಆಟ ಉಳಿಯದಂತೆ ಮೊದಲೇ ಕೊಡುವ ಒತ್ತಡ) ಕೊಟ್ಟು ಜೋಡಿಸಿದ ಆಂಗ್ಯುಲರ್ ಕಾಂಟ್ಯಾಕ್ಟ್ (ಓರೆಯಾಗಿ ಭಾರ ಹೊರುವ) ಬಾಲ್ ಬೇರಿಂಗಿನ ಮಾತು. ಎಣ್ಣೆಯ ಪದರದ ಮೇಲೆ ತಿರುಗುವ ಬುಷ್ ಬೇರಿಂಗ್ ಇದ್ದರೆ, ನಿಂತಾಗ ಸ್ವಲ್ಪ ಆಟ ಇರಲೇಬೇಕು. ಅದನ್ನು ಈ ಅಳತೆಗೋಲಿನಲ್ಲಿ ತೂಗಬೇಡಿ, ಎಣ್ಣೆ ನೋಡದೆ ಚಾಲೂ ಮಾಡಲೂ ಬೇಡಿ.

1. ವೀಲ್ ಬಿಚ್ಚಿ. ಕರೆಂಟ್ ತೆಗೆದು, ವೀಲ್, ಫ್ಲ್ಯಾಂಜ್ ಎರಡನ್ನೂ ಕಳಚಿ, ಟೇಪರ್ (ವೀಲ್ ಕೂರುವ, ಸ್ಪಿಂಡಲ್ಲಿನ ಕಿರಿದಾಗುತ್ತ ಹೋಗುವ ತುದಿ) ಒರೆಸಿ. ನಟ್ ಎಡ ಥ್ರೆಡ್ಡಿನದ್ದಾಗಿರಬಹುದು (ಉಲ್ಟಾ ತಿರುಗಿಸಿ ಬಿಚ್ಚುವಂಥದ್ದು), ನೋಡಿಕೊಳ್ಳಿ. ಸುತ್ತಿಗೆ ಮುಟ್ಟಬೇಡಿ. ಒಂದೇ ಏಟು ಬಿದ್ದರೂ ಬಾಲ್‌ಗಳು ಟ್ರ್ಯಾಕಿನಲ್ಲಿ ಗುಳಿ ಮಾಡುತ್ತವೆ.

2. ರನ್‌ಔಟ್, ಅಂದರೆ ತಿರುಗುವಾಗಿನ ಓಲಾಟ, ನೋಡಿ. ಗೆರೆಗೆ 10 ಮೈಕ್ರಾನ್ ತೋರಿಸುವ ಡಯಲ್ ಇಲ್ಲಿ ನಿರುಪಯೋಗಿ. 1 ಅಥವಾ 2 ಮೈಕ್ರಾನಿನ ಲಿವರ್ ಡಯಲ್ಲೇ ಬೇಕು. ಅಗ್ಗದವುಗಳಲ್ಲಿ ಮುಳ್ಳು ಸಿಕ್ಕಿಕೊಳ್ಳುತ್ತದೆ. ಬೆರಳಲ್ಲಿ ಮೆಲ್ಲಗೆ ತಟ್ಟಿದಾಗ ಓದು ಬದಲಾದರೆ ಅದನ್ನು ಪಕ್ಕಕ್ಕಿಡಿ. ಟೇಪರಿನ ಮೇಲೆ ಪೆನ್ನಿನಲ್ಲಿ ಒಂದು ಗುರುತು ಹಾಕಿ ನಿಧಾನವಾಗಿ ತಿರುಗಿಸಿ. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಮುಳ್ಳು ಎದ್ದರೆ ಟೇಪರಿಗೆ ಪೆಟ್ಟಾಗಿದೆ ಅಥವಾ ಸ್ಪಿಂಡಲ್ ಬಾಗಿದೆ. ಗುರುತು ಅದೇ ಜಾಗಕ್ಕೆ ಬಂದಾಗಲೂ ಪ್ರತಿ ಸುತ್ತಿಗೆ ಬೇರೆ ಬೇರೆ ಅಂಕಿ ಬಂದರೆ ಅನುಮಾನ ಬೇರಿಂಗಿನ ಮೇಲೆ, ಏಕೆಂದರೆ ಬಾಲ್‌ಗಳ ಸಾಲು ಸ್ಪಿಂಡಲ್ಲಿನ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಸುತ್ತುತ್ತದೆ, ಹಾಗಾಗಿ ಗುರುತು ಮರಳಿ ಬಂದಾಗ ಬಾಲ್‌ಗಳು ಬೇರೆ ಜಾಗದಲ್ಲಿರುತ್ತವೆ. ಈ ಏರಿಳಿತ 3 ಮೈಕ್ರಾನಿನೊಳಗೆ ಇದ್ದರೆ ನಾನು ಮುಂದಿನ ಹೆಜ್ಜೆಗೆ ಹೋಗುತ್ತೇನೆ. 5 ದಾಟಿದರೆ ಹೊಸ ಬೇರಿಂಗಿನ ಖರ್ಚನ್ನೂ ಸೇರಿಸಿಯೇ ಬೆಲೆ ಮಾತಾಡಬೇಕು.

3. ಆಟ ಅಳೆಯಿರಿ. ಎಲ್ಲರೂ ಎಡವುವುದು ಇಲ್ಲಿ. ಮ್ಯಾಗ್ನೆಟಿಕ್ ಸ್ಟ್ಯಾಂಡನ್ನು ಚಕ್ಕಿನ (ಟೇಬಲ್ ಮೇಲೆ ಜಾಬ್ ಹಿಡಿಯುವ ಹಾಸು) ಮೇಲೆ ಇಟ್ಟು ಸ್ಪಿಂಡಲ್ಲನ್ನು ಎತ್ತಿದರೆ ಹೆಡ್ಡಿನ ಸ್ಲೈಡ್, ಗಿಬ್ (ಸ್ಲೈಡಿನ ಸಡಿಲ ಬಿಗಿಸುವ ಪಟ್ಟಿ), ಕಾಲಮ್, ಟೇಬಲ್, ಎಲ್ಲದರ ಆಟವೂ ಒಂದೇ ಮುಳ್ಳಿನಲ್ಲಿ ಬಂದು ಕೂರುತ್ತದೆ. ಸ್ಟ್ಯಾಂಡ್ ಕೂರಬೇಕಾದದ್ದು ಸ್ಪಿಂಡಲ್ ಹೌಸಿಂಗಿನ ಮೇಲೆ, ಮುಂದಿನ ಬೇರಿಂಗಿಗೆ ಆದಷ್ಟು ಹತ್ತಿರ. ತೋಳು ಗಿಡ್ಡವಾಗಿರಲಿ. ಡಯಲ್ಲಿನ ತುದಿ ಟೇಪರಿನ ನೆತ್ತಿಯ ಮೇಲಿರಲಿ.

ಈಗ ಸ್ಪಿಂಡಲ್ ಮೂತಿಗೆ ದಪ್ಪ ಬಟ್ಟೆಯ ಪಟ್ಟಿ ಸುತ್ತಿ, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಮೇಲಕ್ಕೆ ಎಳೆಯಿರಿ. ಬರಿಗೈಯಲ್ಲಿ ಹಿಡಿದುಕೊಂಡೇ ಇದ್ದರೆ ಮೈಶಾಖಕ್ಕೇ ಮುಳ್ಳು ಸರಿಯುತ್ತದೆ. 2 ಕೆಜಿ, 5 ಕೆಜಿ, 10 ಕೆಜಿ, ಪ್ರತಿ ಬಾರಿಯೂ ಓದು ಬರೆದುಕೊಳ್ಳಿ. ಉಕ್ಕು ಬಗ್ಗಿಯೇ ಬಗ್ಗುತ್ತದೆ, ಅದಕ್ಕೆ ಹೆದರಬೇಡಿ. ಪ್ರಿಲೋಡ್ ಸರಿಯಿದ್ದರೆ ಬಲ ಹೆಚ್ಚಿದಂತೆ ಓದೂ ಹಂತಹಂತವಾಗಿ ಏರಿ, ಬಿಟ್ಟೊಡನೆ ಸೊನ್ನೆಗೆ ಮರಳುತ್ತದೆ. ಪ್ರಿಲೋಡ್ ಹೋಗಿದ್ದರೆ ಸ್ಪಿಂಡಲ್ಲಿನ ಭಾರ ಎತ್ತಿದೊಡನೆ ಮುಳ್ಳು ಟಣ್ಣನೆ ಜಿಗಿದು, ಆಮೇಲೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಒಟ್ಟು ಅಂಕಿಗಿಂತ ಆ ಜಿಗಿತವನ್ನೇ ನಾನು ನಂಬುವುದು.

ಬಳಿಕ ಸ್ಟ್ಯಾಂಡನ್ನು ಚಕ್ಕಿಗೆ ತಂದು ಇದನ್ನೇ ಮತ್ತೆ ಮಾಡಿ. ಓದು ಎಷ್ಟು ಹೆಚ್ಚಿತೋ ಅದು ಬೇರಿಂಗಿನದ್ದಲ್ಲ. ಗಿಬ್ ಬಿಗಿದರೆ ಬಹುಪಾಲು ಹೋಗಬಹುದು. ಉದ್ದದ ಆಟ ನೋಡಲು ಸ್ಪಿಂಡಲ್ಲಿನ ಸೆಂಟರ್ ತೂತಿಗೆ ಗ್ರೀಸ್ ಹಚ್ಚಿ ಒಂದು ಉಕ್ಕಿನ ಗುಂಡು ಕೂರಿಸಿ, ಅದರ ಮೇಲೆ ಡಯಲ್ ಇಟ್ಟು ತಳ್ಳಿ ಎಳೆಯಿರಿ.

4. ಓಡಿಸಿ ನೋಡಿ. ತಣ್ಣಗಿರುವ ಯಂತ್ರವನ್ನೇ ಕೇಳಿ. ನೀವು ಬರುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಅದು ಆರುವವರೆಗೆ ಕಾಯಿರಿ. ಸದ್ದು ಮುಚ್ಚಲು ಗಟ್ಟಿ ಗ್ರೀಸ್ ತುರುಕುವವರಿದ್ದಾರೆ. ಅಂಥ ಬೇರಿಂಗ್ ಬೇಗ ಕಾಯುತ್ತದೆ. ಅರ್ಧ ಗಂಟೆಯ ಬಳಿಕ ಹೌಸಿಂಗಿನ ಮೇಲೆ ಅಂಗೈ ಇಡಲಾಗದಿದ್ದರೆ ಏನೋ ಕೆಟ್ಟಿದೆ.

5. ಒಂದು ತುಂಡು ಗ್ರೈಂಡ್ ಮಾಡಿ. ಬ್ಯಾಲೆನ್ಸ್ ಮಾಡಿ, ಡ್ರೆಸ್ ಮಾಡಿದ (ಮುಖ ಸಾಪು ಮಾಡಿದ) ವೀಲಿನಲ್ಲಿ 5 ಮೈಕ್ರಾನ್ ಕಟ್ ಕೊಟ್ಟು, ಮೇಲ್ಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸ್ಪಿಂಡಲ್ 2800 ಆರ್‌ಪಿಎಂ, ಟೇಬಲ್ ನಿಮಿಷಕ್ಕೆ 15 ಮೀಟರ್ ಎಂದುಕೊಂಡರೆ, ಸುತ್ತಿಗೊಂದು ಗೆರೆ ಸುಮಾರು 5.4 ಮಿ.ಮೀ. ಅಂತರದಲ್ಲಿ ಬೀಳುತ್ತದೆ. ಅದು ಸಾಮಾನ್ಯವಾಗಿ ವೀಲಿನ ಅಸಮತೋಲನ. ಬೇರಿಂಗಿನ ಹೊರ ರಿಂಗಿನಲ್ಲಿ ಗುಳಿ ಇದ್ದರೆ ಗೆರೆ ಇನ್ನೂ ಒತ್ತೊತ್ತು. 10 ಬಾಲ್‌ಗಳಿದ್ದರೆ ಒಂದೊಂದು ಸುತ್ತಿನಲ್ಲೂ ಸುಮಾರು 4 ಪೆಟ್ಟು, ಅಂದರೆ 1.3 ಮಿ.ಮೀ. ಅಂತರ. ಸುತ್ತಿನ ಲೆಕ್ಕಕ್ಕೇ ಹೊಂದದ ಗೆರೆಗಳಿಗೆ ಮೊದಲು ಬೆಲ್ಟ್ ಬದಲಿಸಿ ನೋಡಿ.

ಇಷ್ಟಾದ ಮೇಲೂ ಬೇರಿಂಗೇ ಎಂದಾದರೆ ಇಡೀ ಜೋಡಿಯನ್ನೇ ಬದಲಿಸಿ, ಪಿ4 ದರ್ಜೆಯದ್ದೇ (ಹೆಚ್ಚು ನಿಖರವಾದದ್ದು) ಹಾಕಿ. ಒಂದನ್ನು ಮಾತ್ರ ಹೊಸದು ಹಾಕಿದರೆ ಪ್ರಿಲೋಡ್ ಕೂರುವುದಿಲ್ಲ. ಹಳೆಯವನ್ನು ಹೊರತೆಗೆಯುವ ಮೊದಲು ಅವು ಯಾವ ಮುಖ ಎತ್ತ ಮಾಡಿ ಕೂತಿವೆ ಎಂದು ಫೋಟೊ ತೆಗೆದಿಟ್ಟುಕೊಳ್ಳಿ.