ಜನರ ಎದುರು ಮುಖ ಒರೆಸಿಕೊಳ್ಳುವುದು ಹೇಗೆ

ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು 11 ವರ್ಷದಿಂದ ಕೆಲಸಕ್ಕಿದ್ದೇನೆ. ಮದುವೆ ಬಯೋಡಾಟಾದ ಫೋಟೋಗಳೆಲ್ಲ ನನ್ನ ಕಂಪ್ಯೂಟರಿಗೇ ಬರುತ್ತವೆ. ಮೊಡವೆ ಅಳಿಸುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು, "ಸ್ವಲ್ಪ ಬೆಳ್ಳಗೆ ಮಾಡಿ ಅಕ್ಕ" ಅಂದರೆ ಬೆಳ್ಳಗೆ ಮಾಡುವುದು. ಒಮ್ಮೆ ನನ್ನದೇ ಫೋಟೋಗೂ ಅಷ್ಟೆಲ್ಲ ಮಾಡಿ ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿ, "ಜಾತಕ ಬಂದಿದೆಯಾ? ಯಾರ ಮಗಳು?" ಅಂದರು.

ಆ ಮುಖವನ್ನು ಹಾಕಿಕೊಂಡು ಜನರ ಎದುರು ಕೂರಬೇಕು ಅಂತ ಅವತ್ತೇ ಅನಿಸಿತು. ಇದಕ್ಕೆ ಪರ್ಫಾರ್ಮೆನ್ಸ್ ಆರ್ಟ್ ಅನ್ನುತ್ತಾರೆ ಅಂತ ಗೊತ್ತಾದದ್ದು ಆಮೇಲೆ. ಇಲ್ಲಿಯವರೆಗೆ ಮೂರು ಸಲ ಮಾಡಿದ್ದೇನೆ. ಎರಡು ಸಲ ಕೆಟ್ಟಿತು. ಹಾಗಾಗಿ ಹೇಳಿಕೊಡುವ ಧೈರ್ಯ ಬಂದಿದೆ.

ಮಾಡುವುದು ಇಷ್ಟೇ. ಸ್ಟೂಲಿನ ಮೇಲೆ ಕೂತು, ಫೋಟೋದ ಮುಖವನ್ನು ನನ್ನ ಮುಖದ ಮೇಲೆ ಬಣ್ಣದಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಬಿಳಿ ಬಟ್ಟೆಯಲ್ಲಿ ಒರೆಸುತ್ತೇನೆ. ಮಾತಿಲ್ಲ, ಹಾಡಿಲ್ಲ. ಒಂದೂವರೆ ಗಂಟೆ.

ಮೊದಲ ಕೆಲಸ ಬಣ್ಣ ತರುವುದಲ್ಲ. ಏನನ್ನು ತೋರಿಸುವುದಿಲ್ಲ ಅಂತ ತೀರ್ಮಾನ ಮಾಡಿ, ಒಂದು ಚೀಟಿಯಲ್ಲಿ ಬರೆದಿಡಿ. ಸುಮ್ನೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು. ಜನ ಸುತ್ತ ನಿಂತಾಗ ಮೈಯಲ್ಲಿ ಒಂಥರಾ ಹುರುಪು ಬರುತ್ತದೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಬಿಚ್ಚಿಡುತ್ತಾ ಹೋಗುತ್ತೇವೆ. ಮರೀನಾ ಅಬ್ರಮೋವಿಚ್ ಎಂಬ ಪರ್ಫಾರ್ಮೆನ್ಸ್ ಕಲಾವಿದೆ 1974ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ 'ರಿದಮ್ 0' ಎಂಬ ಪ್ರದರ್ಶನ ಮಾಡಿದ್ದರು. ಮೇಜಿನ ಮೇಲೆ 72 ವಸ್ತು. ಗುಲಾಬಿ, ಜೇನು, ಕತ್ತರಿ, ಒಂದು ಪಿಸ್ತೂಲು, ಒಂದು ಗುಂಡು ಕೂಡ. ನನ್ನ ಮೇಲೆ ಏನು ಬೇಕಾದರೂ ಬಳಸಿ ಅಂತ ಹೇಳಿ ಆರು ಗಂಟೆ ಸುಮ್ಮನೆ ನಿಂತರು. ಮೊದಮೊದಲು ಜನ ಹೂ ಕೊಟ್ಟರು. ಕೊನೆಕೊನೆಗೆ ಬಟ್ಟೆ ಕತ್ತರಿಸಿದರು, ಗುಂಡು ತುಂಬಿದ ಪಿಸ್ತೂಲನ್ನು ಅವರತ್ತಲೇ ಹಿಡಿದರು. ಅವರು ಗಟ್ಟಿಗಿತ್ತಿ, ಸರಿ. ನಮಗೆ ನಾಳೆ ಅದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗಲಿಕ್ಕಿದೆ ಅಲ್ವಾ?

ನನ್ನ ಚೀಟಿಯಲ್ಲಿ ಮೂರು ಸಾಲು ಇದೆ. ಕತ್ತಿನ ಮೇಲಿಂದ ಸೆರಗು ಸರಿಸುವುದಿಲ್ಲ. ಮದುವೆ ಬಗ್ಗೆ ಕೇಳಿದರೆ ಉತ್ತರ ಇಲ್ಲ. ಮೂರನೆಯದನ್ನು ಇಲ್ಲೂ ಹೇಳುವುದಿಲ್ಲ.

ಇನ್ನು ಬಣ್ಣ. ತಿದ್ದಿದ ನಿಮ್ಮ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ತೆಗೆದು, ಎಲ್ಲಿ ಏನು ಬದಲಾಗಿದೆ ಅಂತ ಪೆನ್ನಿನಲ್ಲಿ ಗೆರೆ ಎಳೆದು ನಂಬರ್ ಹಾಕಿ. ಇದು ನನ್ನ ಬುದ್ಧಿ ಅಲ್ಲ. ಲಿನ್ ಹರ್ಷ್‌ಮನ್ ಎಂಬ ಅಮೆರಿಕದ ಕಲಾವಿದೆ 1970ರ ದಶಕದಲ್ಲಿ ರಾಬರ್ಟಾ ಬ್ರೈಟ್‌ಮೋರ್ ಅಂತ ಒಬ್ಬಳನ್ನು ಸೃಷ್ಟಿಸಿ, ಆ ವೇಷದಲ್ಲೇ ಓಡಾಡುತ್ತಿದ್ದರು. ರಾಬರ್ಟಾಗೆ ಡ್ರೈವಿಂಗ್ ಲೈಸೆನ್ಸ್ ಕೂಡ ಇತ್ತು! ಅವಳ ಮುಖ ಮಾಡುವುದು ಹೇಗೆ ಅಂತ ಫೋಟೋ ಮೇಲೆಯೇ ಗುರುತು ಹಾಕಿದ ಒಂದು ನಕ್ಷೆ ಇದೆ, 1975ರದ್ದು. ಅದನ್ನು ನೋಡಿದಾಗ ನಮ್ಮ ಸ್ಟುಡಿಯೋದ ಕೆಲಸವೇ ನೆನಪಾಯಿತು.

ಮೇಕಪ್ ಬರುವುದಿಲ್ಲ ಅಂತ ಹೆದರಬೇಡಿ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಇಣುಕಿ ಬೆಳೆದವರು ನಾವು. ಕಲಾವಿದರು ನೆಲದಲ್ಲಿ ಕೂತು, ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು, ತಮ್ಮ ಮುಖವನ್ನು ತಾವೇ ಬರೆದುಕೊಳ್ಳುವುದನ್ನು ನೋಡಿದ್ದೇವೆ. ಅಷ್ಟು ನಿಧಾನ ಇದ್ದರೆ ಸಾಕು. ನೀವೂ ಸಣ್ಣ ಕನ್ನಡಿಯನ್ನೇ ಹಿಡಿಯಿರಿ. ಮೊಬೈಲಿನ ಸೆಲ್ಫಿ ಕ್ಯಾಮೆರಾ ಬೇಡ. ರೀಲ್ಸ್ ಅಂದುಕೊಂಡು ಜನ ಹೊರಟು ಹೋಗುತ್ತಾರೆ.

ಮುಖಕ್ಕೆ ಹಾಕುವ ಬಣ್ಣವನ್ನೇ ತನ್ನಿ. ಹಿಂದಿನ ದಿನವೇ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡಿ. ತುರಿಸಿದರೆ ಬಿಟ್ಟುಬಿಡಿ. ಗೋಡೆಯ ಪೇಂಟ್ ಹತ್ತಿರಕ್ಕೂ ಹೋಗಬೇಡಿ. ನನ್ನ ಮಾವ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವಕ್ಕೆ ಹುಲಿವೇಷ ಹಾಕುತ್ತಿದ್ದರು. ರಾತ್ರಿ ಬಚ್ಚಲಲ್ಲಿ ಸೀಮೆಎಣ್ಣೆ ಹಾಕಿ ಉಜ್ಜುವಾಗ ಅವರ ಬೆನ್ನು ಕೆಂಪಾಗುತ್ತಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟು ಮಾಡಿದರೂ ಕಿವಿಯ ಹಿಂದೆ ಹಳದಿ ಉಳಿದೇ ಉಳಿಯುತ್ತಿತ್ತು. ಮರುದಿನ ಪ್ಯಾಂಟ್, ಇಸ್ತ್ರಿ ಶರ್ಟ್ ಹಾಕಿ ಆಫೀಸಿಗೆ ಹೋಗುವ ಮಾವ, ಕಿವಿಯ ಹಿಂದೆ ಮಾತ್ರ ಹುಲಿ.

ಜಾಗದ ವಿಷಯ. ಮಲ್ಪೆ ಬೀಚ್ ಬೇಡ. ನನ್ನ ಎರಡನೇ ಸಲ ಕೆಟ್ಟದ್ದೇ ಅಲ್ಲಿ. ಸಂಜೆ ಗಾಳಿಗೆ ಎಣ್ಣೆ ಮುಖಕ್ಕೆ ಮರಳು ಮೆತ್ತಿ, ಒರೆಸಿದರೆ ಕೆನ್ನೆ ತರಚಿತು. ಮೊದಲ ಸಲ ಒಂದು ಕಾಲೇಜಿನ ಕಾರ್ಯಕ್ರಮ. ನಿರೂಪಕಿ ಮೈಕಿನಲ್ಲಿ "ಈಗ ಮೇಕಪ್ ಡೆಮೋ" ಅಂದುಬಿಟ್ಟಳು, ಅಲ್ಲಿಗೆ ಮುಗಿಯಿತು. ಮೂರನೆಯದನ್ನು ನಮ್ಮ ಮನೆಯ ಜಗಲಿಯಲ್ಲೇ ಮಾಡಿದೆ. ಎದುರಿಗೆ ರಸ್ತೆ, ಗೇಟು ತೆರೆದಿತ್ತು. ಪಾರ್ಕಿನಲ್ಲೋ ರಸ್ತೆ ಬದಿಯಲ್ಲೋ ಮಾಡುವುದಾದರೆ ನಗರಸಭೆಗೂ ಪೊಲೀಸ್ ಠಾಣೆಗೂ ಮೊದಲೇ ಪತ್ರ ಕೊಟ್ಟು ಒಪ್ಪಿಗೆ ತೆಗೆದುಕೊಳ್ಳಿ. ಡಿಸೆಂಬರ್, ಜನವರಿಯ ಸಂಜೆ ಒಳ್ಳೆಯದು. ಏಪ್ರಿಲ್ ಸೆಕೆಗೆ ಬಣ್ಣ ತಾನಾಗಿಯೇ ಇಳಿಯುತ್ತದೆ, ನೀವು ಒರೆಸುವುದೇ ಬೇಡ.

ಒಬ್ಬ ಗೆಳತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಚೀಟಿ ಅವಳ ಕೈಯಲ್ಲಿರಲಿ. ನಾನು ಕಿವಿಯ ಓಲೆ ಮುಟ್ಟಿದರೆ ನಿಲ್ಲಿಸಬೇಕು ಅಂತ ನಮ್ಮ ಒಪ್ಪಂದ. ಜನ ಕೇಳುವುದಕ್ಕೆಲ್ಲ ಅವಳೇ ಉತ್ತರ ಹೇಳುತ್ತಾಳೆ. "ಉಂದು ಎಂಚಿನ?" (ಇದೇನು?) ಅಂತ ತುಳುವಿನಲ್ಲಿ ಶುರುವಾಗುತ್ತದೆ, ಆಮೇಲೆ "ಶೂಟಿಂಗಾ ಮಾರಾಯ್ರೆ?" ಫೋಟೋ ತೆಗೆಯಬೇಡಿ ಅಂದರೂ ತೆಗೆಯುತ್ತಾರೆ. ನಮ್ಮ ಫ್ಯಾಮಿಲಿ ಗ್ರೂಪಿಗೆ ನನ್ನ ಅರ್ಧ ಒರೆಸಿದ ಮುಖ ನನಗಿಂತ ಮೊದಲೇ ತಲುಪಿತ್ತು. ಚಿಕ್ಕಮ್ಮ ಫೋನ್ ಮಾಡಿ "ಎಂತ ಆಯ್ತು ನಿಂಗೆ?" ಅಂತ ಅತ್ತರು. ಮನೆಯವರಿಗೆ ಮೊದಲೇ ಹೇಳಿಡಿ.

ಒರೆಸುವುದಕ್ಕೆ ಅವಸರ ಬೇಡ. ಹಳೆಯ ಬಿಳಿ ಪಂಚೆಯನ್ನು ಬೈರಾಸಿನಷ್ಟು, ಅಂದರೆ ಟವೆಲಿನಷ್ಟು, ದೊಡ್ಡ ತುಂಡು ಮಾಡಿಟ್ಟುಕೊಳ್ಳಿ. ಎರಡೂ ಅಂಗೈಗೆ ತೆಂಗಿನೆಣ್ಣೆ ಹಾಕಿ ಮುಖಕ್ಕೆ ಒತ್ತಿ, ಒಂದು ನಿಮಿಷ ಕಣ್ಣು ಮುಚ್ಚಿ ಕೂರಿ. ಆಮೇಲೆ ಬಟ್ಟೆಯನ್ನು ಮುಖದ ಮೇಲೆ ಹಾಸಿ ಒತ್ತಿ. ಉಜ್ಜಬೇಡಿ, ಒತ್ತಿ. ತೆಗೆದಾಗ ಬಟ್ಟೆಯಲ್ಲಿ ಎರಡು ಕಪ್ಪು ಕಣ್ಣು, ಒಂದು ಕೆಂಪು ಬಾಯಿ, ಸುತ್ತ ಗುಲಾಬಿ ಬಿಳುಪು ಮೂಡಿರುತ್ತದೆ. ಅದನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿ. ನನ್ನ ಮೂರನೇ ಸಲ ಪಕ್ಕದ ಮನೆಯ ಹುಡುಗ ಬಟ್ಟೆಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಮತ್ತೆ ಬಟ್ಟೆಗೇ ಟಾಟಾ ಮಾಡಿ ಹೋದ.

ಕೊನೆಗೆ ಕಡಲೆಹಿಟ್ಟು ಹಾಕಿ ಬಿಸಿನೀರಿನಲ್ಲಿ ತೊಳೆಯಿರಿ. ಕಿವಿಯ ಹಿಂದೆ ನೋಡಿಕೊಳ್ಳಲು ಯಾರಿಗಾದರೂ ಹೇಳಿ. ನಾನು ಮರೆತೆ. ಮರುದಿನ ಸ್ಟುಡಿಯೋಗೆ ಬಂದ ಹುಡುಗಿಯೊಬ್ಬಳು "ಅಕ್ಕ, ನಿಮ್ಮ ಕಿವಿ ಹತ್ತಿರ ಎಂತದೋ ಬಿಳಿ" ಅಂದಳು. ಕೈಯಲ್ಲಿ ಒರೆಸಿಕೊಂಡು, ಅವಳ ಫೋಟೋ ಓಪನ್ ಮಾಡಿ, ಎಷ್ಟು ಬೆಳ್ಳಗೆ ಮಾಡಬೇಕು ಅಂತ ಕೇಳಿದೆ.