ಹೊಟ್ಟೆ ರಸದ ಪ್ರೋಟೀನು ಕೊನೆಗೂ ಜೆಲ್ ಮೇಲೆ ನಿಂತಿತು

“ಜಠರರಸದಲ್ಲಿ ಪ್ರೋಟೀನು ಹುಡುಕುವುದೆಂದರೆ ಬೆಕ್ಕಿನ ಕಾವಲಿಗೆ ಬಿಟ್ಟ ಹಾಲನ್ನು ಅಳೆಯಲು ಹೋದಂತೆ” ಎಂದು ನಮ್ಮ ಹಿರಿಯರೊಬ್ಬರು ನಕ್ಕಿದ್ದರು. ಸುಳ್ಳೇನಲ್ಲ. ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸುವುದು ಜೆಲ್. ಮೊದಲ ಹದಿನೈದು ಮಾದರಿಗಳಲ್ಲಿ ಜೆಲ್‌ನ ತಳದಲ್ಲಿ ಒಂದು ನೀಲಿ ಮಸುಕು ಬಿಟ್ಟರೆ ಏನೂ ಕಾಣಲಿಲ್ಲ. ಪ್ರೋಟೀನು ಜೀರ್ಣಿಸುವ ಹೊಟ್ಟೆಯ ಕಿಣ್ವ ಪೆಪ್ಸಿನ್ ಎಲ್ಲವನ್ನೂ ತಿಂದು ಮುಗಿಸಿತ್ತು.

ಮಡಿಕೇರಿಯಲ್ಲಿ ಎಂಡೋಸ್ಕೋಪಿಗೆ ಬರುವವರ ಪೈಕಿ ಹೊಟ್ಟೆಯಲ್ಲಿ ಬೀಡುಬಿಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಇದ್ದವರ ರಸಕ್ಕೂ ಇಲ್ಲದವರ ರಸಕ್ಕೂ ಪಟ್ಟಿಗಳಲ್ಲಿ ವ್ಯತ್ಯಾಸವಿದೆಯೇ ಎಂಬುದಷ್ಟೇ ನನ್ನ ಪ್ರಶ್ನೆ. ಹೇಗಿದ್ದರೂ ಹೀರಿ ಚೆಲ್ಲುವ ರಸ. ನೈತಿಕ ಸಮಿತಿಯೂ ರೋಗಿಗಳೂ ಒಪ್ಪಿದ್ದರು.

ಮೊದಲು ಕಾಲ ಹೋದದ್ದು, ಪ್ರೋಟೀನು ಕಡಿಯುವ ಕೆಲವು ಕಿಣ್ವಗಳನ್ನು ತಡೆಯುವ ಪಿಎಂಎಸ್ಎಫ್‌ಗೆ. ಅದು ಪೆಪ್ಸಿನ್ನನ್ನು ಮುಟ್ಟುವುದೇ ಇಲ್ಲ. ಪಠ್ಯದಲ್ಲಿ ಓದಿದ್ದೆ, ಆದರೂ ಬೀರುವಿನಲ್ಲಿ ಇದ್ದದ್ದನ್ನೇ ಹಾಕಿ ಮೂರು ತಿಂಗಳು ಕಳೆದೆ. ಪೆಪ್ಸಿನ್ನನ್ನು ತಡೆಯುವ ಪೆಪ್‌ಸ್ಟಾಟಿನ್ ತರಿಸಿದಾಗ ಪುಟ್ಟ ಸೀಸೆಗೆ ಹತ್ತು ಸಾವಿರದ ಹತ್ತಿರ ಆಯಿತು. ಅದನ್ನೂ ಆತುರದಲ್ಲಿ ನೀರಿಗೆ ಸುರಿದೆ. ಕರಗಲಿಲ್ಲ, ಅರ್ಧ ಹಾಳು. ಉಳಿದರ್ಧವನ್ನು ಮೆಥನಾಲ್‌ನಲ್ಲಿ ಕರಗಿಸಿದೆ.

ಅಸಲು ತಪ್ಪು ಬೇರೆ ಇತ್ತು. ರಸ ಲ್ಯಾಬಿಗೆ ಬರಲು ನಲವತ್ತು ನಿಮಿಷ ಹಿಡಿಯುತ್ತಿತ್ತು. ಕೊನೆಗೆ ಮೀನಿನಂಗಡಿಯಿಂದ ಥರ್ಮೋಕೋಲ್ ಪೆಟ್ಟಿಗೆ, ಐಸು ತಂದು ಎಂಡೋಸ್ಕೋಪಿ ಕೋಣೆಯಲ್ಲೇ ಕುಳಿತೆ. ಆಮ್ಲೀಯತೆ ತೋರಿಸುವ ಪಿಎಚ್ ಕಾಗದ ಅದ್ದಿ ನೋಡಿದ ಕೂಡಲೇ ರಸವನ್ನು ಆಮ್ಲ ತಗ್ಗಿಸುವ ಸೋಡಿಯಂ ಬೈಕಾರ್ಬೊನೇಟ್ (ಅಡುಗೆ ಸೋಡಾ) ಇದ್ದ ಟ್ಯೂಬಿಗೆ ಹಾಕುವುದು. ಮೊದಲ ದಿನ ಮುಚ್ಚಳ ಬಿಗಿದೆ. ನೊರೆಯೆದ್ದು ಮುಚ್ಚಳ ಹಾರಿ ಸಿಸ್ಟರ್ ಮುಖಗವಸಿಗೆ ತಗುಲಿತು. “ಸರ್, ನಾಳೆಯಿಂದ ನೀವೇ ಹಿಡಿದುಕೊಳ್ಳಿ” ಎಂದರು. ಹಿಡಿದುಕೊಂಡೆ, ಮುಚ್ಚಳ ತೆರೆದು. ಇನ್ನೊಂದು ಮಾತು: ಬಯಾಪ್ಸಿಗೆ (ಪರೀಕ್ಷೆಗೆ ಹೊಟ್ಟೆಯ ಒಳಪದರದ ಚೂರು ತೆಗೆಯುವುದಕ್ಕೆ) ಮುಂಚೆಯೇ ರಸ ಹೀರಬೇಕು. ಇಲ್ಲದಿದ್ದರೆ ರಕ್ತದ ಪ್ರೋಟೀನಾದ ಆಲ್ಬುಮಿನ್ ಪಟ್ಟಿಯನ್ನು ನೋಡಿ ಸುಮ್ಮನೆ ಹಿಗ್ಗುತ್ತೀರಿ.

ನಾನು ಹಿಗ್ಗಿದ್ದು ಇನ್ನೊಂದು ಪಟ್ಟಿಗೆ. ಸೋಂಕಿದ್ದ ಹಲವರಲ್ಲಿ ಐವತ್ತೆಂಟು ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಆಸುಪಾಸಿನಲ್ಲಿ ದಪ್ಪ ಗೆರೆ. ಎರಡು ವಾರ ನಿದ್ದೆಯಿಲ್ಲ. ಅನುಮಾನ ಬಂದು ಗಂಜಿಗೆ ಅಯೋಡಿನ್ ಹಾಕಿ ರಸ ಬೆರೆಸಿದೆ, ನೀಲಿ ಮಾಯ. ಬರೀ ಸೋಡಾ ಬೆರೆಸಿದ ಗಂಜಿ ನೀಲಿಯಾಗಿಯೇ ಉಳಿಯಿತು. ನನ್ನ ಮಹಾಶೋಧ ಎಂಜಲಿನಲ್ಲಿರುವ, ಗಂಜಿ ಕರಗಿಸುವ ಕಿಣ್ವ ಅಮೈಲೇಸ್! ಆದರೆ ಅದು ಉಳಿದದ್ದೂ ಒಂದು ಸುಳಿವೇ: ಆಮ್ಲ ಕುಗ್ಗಿದ ಹೊಟ್ಟೆಯಲ್ಲಿ ನುಂಗಿದ ಎಂಜಲೂ ಜೀರ್ಣವಾಗದೆ ಬದುಕುತ್ತದೆ.

ನಡುವೆ ಜುಲೈ ಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದೆ ಹನ್ನೊಂದು ಮಾದರಿ ಕರಗಿಹೋದವು. ಆ ಬೇಸರಕ್ಕೆ, ನೀರು ಬೆರೆಸಿದ ಕೊಡಗಿನ ಹುಳಿರಸ ಕಾಚಂಪುಳಿಗೆ ಪೆಪ್ಸಿನ್ ಪುಡಿ ಹಾಕಿ ಬೇಯಿಸಿದ ಮೊಟ್ಟೆಯ ಬಿಳಿ ಭಾಗ ಬಿಟ್ಟೆ. ಬೆಳಗಾಗುವುದರೊಳಗೆ ಅಂಚೆಲ್ಲ ಸವೆದಿತ್ತು. ಬಯಾಪ್ಸಿ ಚೂರಿನಲ್ಲಿ ಪೈಲೋರಿಯ ಯೂರಿಯೇಸ್ ಕಿಣ್ವ ಇದ್ದರೆ ಗುಲಾಬಿಯಾಗುವ ಯೂರಿಯೇಸ್ ಪರೀಕ್ಷೆಯ ದ್ರವ ಸರಿಯಿದೆಯೇ ಎಂದು ನೋಡಲು, ಅದೇ ಕಿಣ್ವವಿರುವ ಕಲ್ಲಂಗಡಿ ಬೀಜ ಅರೆದು ಹಾಕುತ್ತೇನೆ. ಹಳದಿ ಗುಲಾಬಿಯಾಗುತ್ತದೆ, ಖರ್ಚಿಲ್ಲ.

ಈಗ ನಲವತ್ತಕ್ಕೂ ಹೆಚ್ಚು ಮಾದರಿಗಳಾಗಿವೆ. ಬಯಾಪ್ಸಿ ಗುಲಾಬಿಯಾದವರಲ್ಲಿ, ರಸದ ಪಿಎಚ್ ನಾಲ್ಕು ದಾಟಿದ್ದರೆ (ಅಂದರೆ ಆಮ್ಲ ಕುಗ್ಗಿದ್ದರೆ), ಆಲ್ಬುಮಿನ್ ಸೇರಿ ಐದಾರು ಪಟ್ಟಿ ಸ್ಪಷ್ಟ. ಆಮ್ಲ ಕಡಿಮೆ ಮಾಡುವ ಮಾತ್ರೆ ನುಂಗಿ ಬಂದವರಲ್ಲೂ ಇದೇ ಚಿತ್ರ, ಮೇಲಾಗಿ ಅವರ ಯೂರಿಯೇಸ್ ಪರೀಕ್ಷೆಯೂ ಮೋಸ ಮಾಡಬಹುದು. ಹಾಗಾಗಿ ವೈದ್ಯರು ಎರಡು ವಾರ ಮಾತ್ರೆ ನಿಲ್ಲಿಸಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ.

ಪಿಪೆಟ್ ಕಟ್ಟಿಸುವ ಲೋಳೆಯನ್ನು ಹೇಗೆ ತೆಗೆಯುತ್ತೇನೆ ಎಂದು ಇಬ್ಬರು ಕೇಳಿದ್ದಾರೆ. ಲೋಳೆ ಒಡೆಯಲು ಸಾಮಾನ್ಯವಾಗಿ ಬಳಸುವ ಡಿಟಿಟಿ ಅಲ್ಲ ಎಂದಷ್ಟೇ ಹೇಳಿದ್ದೇನೆ. ನಕ್ಕಿದ್ದ ಹಿರಿಯರು ಮೊನ್ನೆ ಜೆಲ್‌ನ ಫೋಟೋ ಕೇಳಿದರು. ಕೊಟ್ಟೆ, ಅಮೈಲೇಸ್ ಪಟ್ಟಿ ಇರುವುದನ್ನೇ.