ಖಾಲಿ ಜಾಗ ಕೊಳ್ಳುವ ಮೊದಲು ಕುಮ್ಕಿ ಎಷ್ಟು ಅಂತ ಕೇಳಿ

"ಆ ಗೇರು ಮರದಿಂದ ಈ ತೋಡಿನವರೆಗೆ ಮಾರಾಯ್ರೆ" ಎಂದು ಬ್ರೋಕರ್ ಕೈ ಬೀಸುತ್ತಾರೆ, ನಾವು ತಲೆ ಆಡಿಸಿ ಅಡ್ವಾನ್ಸ್ ಕೊಡುತ್ತೇವೆ. ಸುರತ್ಕಲ್, ಕಾಪು, ಮಣಿಪಾಲ ಎಲ್ಲ ಕಡೆ ಇದೇ ಕಥೆ. ದುಡ್ಡು ಕೊನೆಗೆ ಕೊಡಿ. ಮೊದಲು ಸರ್ವೆ ನಂಬರ್ ಕೇಳಿ.

ಪಹಣಿಯನ್ನು ಭೂಮಿ ವೆಬ್‌ಸೈಟಿನಲ್ಲಿ ನೀವೇ ತೆಗೆಯಿರಿ. ಬ್ರೋಕರ್ ಕೊಡುವ ಜೆರಾಕ್ಸ್ ನಂಬಬೇಡಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲ ಏನಾದರೂ ಇದೆಯಾ ನೋಡಿ.

ಜನ ಎಡವುವುದು ಇದರ ನಂತರ. ವರ್ಗ ಜಾಗಕ್ಕೆ, ಅಂದರೆ ಮಾಲೀಕರ ಸ್ವಂತ ಪಟ್ಟಾ ಜಾಗಕ್ಕೆ, ತಾಗಿ 100 ಗಜದೊಳಗಿನ ಸರ್ಕಾರಿ ಭೂಮಿಯೇ ಕುಮ್ಕಿ. ಸೊಪ್ಪು, ಸೌದೆ ತರಲು, ದನ ಮೇಯಿಸಲು ವರ್ಗದಾರರಿಗೆ ಸವಲತ್ತು ಇದೆ, ಅಷ್ಟೇ. ಮಾರುವ ಹಕ್ಕಿಲ್ಲ. ಆದರೆ ಅಜ್ಜನ ಕಾಲದಿಂದ ಬೇಲಿ ಹಾಕಿ ತೆಂಗು, ಗೇರು ನೆಟ್ಟಿರುತ್ತಾರೆ, ಹಾಗಾಗಿ ನಿಂತು ನೋಡಿದರೆ ಎಲ್ಲ ಒಂದೇ ಜಾಗ. 60 ಸೆಂಟ್ಸ್ ತೋರಿಸಿ, ಅಷ್ಟಕ್ಕೂ ರೇಟ್ ಹೇಳಿ, ಪತ್ರದಲ್ಲಿ 35 ಬರೆಯುತ್ತಾರೆ. ಕೇಳಿದರೆ "ಉಳಿದದ್ದು ಕುಮ್ಕಿ, ನಿಮಗೇ ಬರುತ್ತದೆ" ಎನ್ನುತ್ತಾರೆ. ಬರುವುದಿಲ್ಲ. ವರ್ಗಕ್ಕೆ ಮಾತ್ರ ದುಡ್ಡು ಎಂದು ಖಡಾಖಂಡಿತ ಹೇಳಿ. 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಸರ್ವೆ ಇಲಾಖೆ ಕೊಡುವ ನಕ್ಷೆ) ಇಲ್ಲದಿದ್ದರೆ ಮಾರುವವರೇ ಅರ್ಜಿ ಹಾಕಿ ಮಾಡಿಸಲಿ. ಸರ್ವೇಯರ್ ಬಂದ ದಿನ ನೀವೂ ಹೋಗಿ, ಪಕ್ಕದ ಜಾಗದವರನ್ನೂ ಕರೆಯಿರಿ, ಕಾಡು ಸವರಿ ಒಂದೊಂದೇ ಗಡಿಕಲ್ಲು ಕಣ್ಣಾರೆ ನೋಡಿ. ರಸ್ತೆಗೆ ಹೋಗುವ ದಾರಿ ಯಾರ ಜಾಗದಲ್ಲಿದೆ? ಅದೂ ಕುಮ್ಕಿಯಲ್ಲಿದ್ದರೆ ನಾನಂತೂ ಆ ಜಾಗದ ಆಸೆಯನ್ನೇ ಬಿಡುತ್ತೇನೆ.

ದಿಶಾಂಕ್ ಆ್ಯಪ್ ಸರ್ವೆ ನಂಬರ್ ಹುಡುಕಲು ಚೆನ್ನಾಗಿದೆ, ಗಡಿ ಹಿಡಿಯಲು ಅಲ್ಲ. 10 ಸೆಂಟ್ಸ್ ಚೌಕ ಅಂದರೆ ಒಂದು ಬದಿ ಬರೀ 66 ಅಡಿ. ಮೊಬೈಲ್ ಐದು ಮೀಟರ್ ಆಚೀಚೆ ತೋರಿಸಿದರೂ 16 ಅಡಿ ಹೋಯಿತು ಅಲ್ವಾ? ಫ್ರೀ ಸಿಗುವ ಅಳತೆ ಆ್ಯಪ್‌ಗಳ ಸುದ್ದಿಯೇ ಬೇಡ.

ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ, 30 ವರ್ಷದ್ದು. ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಾಗಬಹುದು. ನೋಂದಣಿ ಆಗದ ಉಯಿಲು, ಬಾಯಿಮಾತಿನ ಪಾಲು ಇಸಿಯಲ್ಲಿ ಕಾಣುವುದಿಲ್ಲ. ಅಳಿಯಸಂತಾನ (ತಾಯಿಯ ಕಡೆಯಿಂದ ಆಸ್ತಿ ಬರುವ ಪದ್ಧತಿ) ಕುಟುಂಬದ ಆಸ್ತಿಯಾದರೆ ಮುಂಬೈಯಲ್ಲಿರುವ ಪಾಲುದಾರರ ಸಹಿಯೂ ಬೇಕು. ಮಂಗಳೂರು, ಉಡುಪಿ ಪೇಟೆಯೊಳಗಾದರೆ ಮೂಲಗೇಣಿ, ಅಂದರೆ ಶಾಶ್ವತ ಗೇಣಿ, ಇದೆಯಾ ಕೇಳಿ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಾಗವನ್ನು 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವ ಹಾಗಿಲ್ಲ.

"ರಿವರ್ ವ್ಯೂ" ಜಾಹೀರಾತು ಕಂಡರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನೆನಪಿರಲಿ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಮಾತ್ರವಲ್ಲ, ಉಬ್ಬರದ ನೀರು ಏರಿ ಬರುವ ನದಿಗಳ ದಡಕ್ಕೂ ಅದು ಅನ್ವಯ.

ಜಾಗವನ್ನು ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಒಮ್ಮೆ ನೋಡಿ. ಬೈಲು ಗದ್ದೆಗೆ ಕೆಂಪು ಮಣ್ಣು ಸುರಿದು ಸೈಟ್ ಮಾಡಿದ್ದರೆ ಆಗ ನೀರು ನಿಂತು ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ಪಕ್ಕದ ಮನೆ ಬಾವಿ ನೀರು ಕುಡಿದು ನೋಡಿ, ಉಪ್ಪು ಇದೆಯಾ ಅಂತ.

ಮನೆ ಕಟ್ಟುವುದಾದರೆ ಕನ್ವರ್ಷನ್ (ಕೃಷಿ ಭೂಮಿಯನ್ನು ಮನೆ ಜಾಗವಾಗಿ ಬದಲಿಸುವುದು), ಪಂಚಾಯತ್ ಕೊಡುವ 9/11 ನಮೂನೆ ಆಗಿರಬೇಕು. "ಆಮೇಲೆ ಮಾಡಿಸಿಕೊಡುತ್ತೇವೆ" ಅಂದರೆ ರಿಜಿಸ್ಟ್ರೇಷನ್ನೂ ಆಮೇಲೆ ಅನ್ನಿ. ಕಾಗದವನ್ನೆಲ್ಲ ನಿಮ್ಮದೇ ವಕೀಲರಿಗೆ ತೋರಿಸಿ, ಬ್ರೋಕರ್ ಕರೆತಂದವರಿಗಲ್ಲ. ಅವರು ಸರಿ ಅಂದ ಮೇಲೆ ಅಡ್ವಾನ್ಸ್, ಅದೂ ಚೆಕ್‌ನಲ್ಲಿ.